ನೆಟ್‌ವರ್ಕ್ ಅಡ್ಮಿನ್ ಆಗಬೇಕೆ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೇ ಶುರು ಮಾಡಿ

ಬಿಸಿಎ ಮುಗಿದಿದೆ. ಇಲ್ಲವೇ ಡಿಪ್ಲೊಮಾ, ಇಲ್ಲವೇ ಐಟಿಐನಲ್ಲಿ ಕೋಪಾ, ಅಂದರೆ ಕಂಪ್ಯೂಟರ್ ಆಪರೇಟರ್ ಕೋರ್ಸ್. ಕೋಡಿಂಗ್ ಅಷ್ಟಾಗಿ ಹಿಡಿಸಲಿಲ್ಲ, ನೆಟ್‌ವರ್ಕಿಂಗ್ ಕಡೆ ಹೋಗೋಣ ಅನಿಸಿದೆ. "ಯಾವ ಕೋರ್ಸ್ ಸೇರಲಿ? ಬೆಂಗಳೂರಿಗೆ ಹೋಗಲೇಬೇಕಾ? ಇಂಗ್ಲಿಷ್ ಅಷ್ಟು ಬರಲ್ಲ, ನಡೆಯುತ್ತಾ?" ನಮ್ಮ ಭಾಗದ ಓದುಗರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೋರ್ಸ್ ಸೇರುವುದು ಮೊದಲ ಹೆಜ್ಜೆಯಲ್ಲ. "ಸರ್, ನೆಟ್ ಹೋಗಿದೆ" ಅಂತ ಫೋನ್ ಬಂದಾಗ ಗಾಬರಿಯಾಗದೆ, ಒಂದೊಂದಾಗಿ ನೋಡುತ್ತಾ ಹೋಗಿ ದೋಷ ಎಲ್ಲಿದೆ ಅಂತ ಹಿಡಿಯಬೇಕು. ಈ ಕೆಲಸದಲ್ಲಿ ಸಂಬಳ ಸಿಗುವುದು ಅದಕ್ಕೇ. ಆ ಅಭ್ಯಾಸ ಮನೆಯಲ್ಲೇ, ಊರಲ್ಲೇ ಆಗುತ್ತದೆ. ಸರ್ಟಿಫಿಕೇಟ್ ಅದರ ಮೇಲೆ ಬರಬೇಕು.

ಕೆಲಸ ಎಲ್ಲಿದೆ?

ಒಂದು ಸಂಸ್ಥೆಯ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾ, ವೈಫೈ ಎಲ್ಲವೂ ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವವನು, ನೋಡಿಕೊಳ್ಳುವವಳು ನೆಟ್‌ವರ್ಕ್ ಅಡ್ಮಿನ್. ಕೈಯಲ್ಲಿ ಮುಖ್ಯವಾಗಿ ಮೂರು ಸಾಧನ ಇರುತ್ತವೆ. ಸ್ವಿಚ್ ಒಂದೇ ಜಾಗದ ಕಂಪ್ಯೂಟರುಗಳನ್ನು ಜೋಡಿಸುತ್ತದೆ. ರೂಟರ್ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ತೋರಿಸುತ್ತದೆ. ಫೈರ್‌ವಾಲ್ ಯಾವುದು ಒಳಗೆ ಬರಬೇಕು, ಯಾವುದು ಬರಬಾರದು ಅಂತ ತಡೆದು ನೋಡುತ್ತದೆ.

ಇದೆಲ್ಲ ಬೆಂಗಳೂರಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳು, ಹಟ್ಟಿ ಚಿನ್ನದ ಗಣಿ, ಮೂರೂ ಜಿಲ್ಲೆಗಳ ಮೆಡಿಕಲ್ ಕಾಲೇಜುಗಳು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜುಗಳು, ಬ್ಯಾಂಕುಗಳು, ಎಲ್ಲೆಲ್ಲೂ ನೆಟ್‌ವರ್ಕ್ ಇದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲೂ ಈಗ ವೇಬ್ರಿಜ್, ಬಿಲ್ಲಿಂಗ್, ಕ್ಯಾಮೆರಾ ಒಂದೇ ಜಾಲದ ಮೇಲೆ ಓಡುತ್ತವೆ. ಒಂದು ಮಾತು ನೆನಪಿಡಿ: ದೊಡ್ಡ ಸಂಸ್ಥೆಗಳು ಈ ಕೆಲಸವನ್ನು ಎಷ್ಟೋ ಸಲ ಗುತ್ತಿಗೆದಾರರಿಗೆ ವಹಿಸಿರುತ್ತವೆ. ಹಾಗಾಗಿ ಕಾರ್ಖಾನೆ ಗೇಟಿನಲ್ಲಿ ಅರ್ಜಿ ಕೊಟ್ಟು ಸುಮ್ನೆ ಕೂರಬೇಡಿ. ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ವೆಂಡರ್ ಯಾರು ಅಂತ ವಿಚಾರಿಸಿ, ಅವರನ್ನು ಕಾಣಿ.

ಹಂತ 1: ಬೇಕಾದ ಸಾಮಾನು ಹೊಂದಿಸಿಕೊಳ್ಳಿ

ಜಾಸ್ತಿ ಖರ್ಚಿಲ್ಲ. 8 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್ ಒಂದು, ಹಳೆಯದಾದರೂ ಪರವಾಗಿಲ್ಲ. ಕೇಬಲ್ ತುದಿಗೆ ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲ್, ಕೇಬಲ್ ಟೆಸ್ಟರ್, ಹತ್ತಿಪ್ಪತ್ತು ಮೀಟರ್ ಕ್ಯಾಟ್ 6 ಕೇಬಲ್, ಒಂದು ಪ್ಯಾಕೆಟ್ ಆರ್‌ಜೆ 45 ಕನೆಕ್ಟರ್. ನೆಟ್‌ವರ್ಕ್ ಸಾಧನ ತಯಾರಿಸುವ ಸಿಸ್ಕೊ ಕಂಪನಿಯ ಪ್ಯಾಕೆಟ್ ಟ್ರೇಸರ್ ಅನ್ನುವ ತಂತ್ರಾಂಶ ಉಚಿತ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಇಳಿಸಿಕೊಳ್ಳಬಹುದು. ಅದರಲ್ಲಿ ಸ್ವಿಚ್, ರೂಟರ್ ಎಳೆದಿಟ್ಟು ಜೋಡಿಸಿ, ನಿಜವಾದ ಸಾಧನಕ್ಕೆ ಕೊಡುವಂತೆಯೇ ಆದೇಶ ಕೊಟ್ಟು ಕಲಿಯಬಹುದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹಳೇ ಸ್ವಿಚ್ ತರುವ ಆಸೆ ಈಗಲೇ ಬೇಡ, ಆರು ತಿಂಗಳು ಕಳೆಯಲಿ.

ಇಂಗ್ಲಿಷ್ ವಿಷಯಕ್ಕೆ ಬರೋಣ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದೊಂದೇ ಕಾರಣಕ್ಕೆ ಹಿಂದೆ ಸರಿಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಸಾಧನಗಳು ತೋರಿಸುವ ಇಂಗ್ಲಿಷ್ ಸ್ವಲ್ಪವೇ, ಅದೂ ಬಂದದ್ದೇ ಬರುತ್ತದೆ. ಸಿಸ್ಕೊ ಸ್ವಿಚ್‌ನಲ್ಲಿ ಒಂದು ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯ ಸ್ಥಿತಿ ನೋಡುತ್ತೀರಿ ಅಂದುಕೊಳ್ಳಿ. 'ಡೌನ್' ಅಂತಿದ್ದರೆ ಕೇಬಲ್ ನೋಡಿ, ಆ ತುದಿಯ ಕಂಪ್ಯೂಟರ್ ಆನ್ ಇದೆಯಾ ನೋಡಿ. 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಅಂತಿದ್ದರೆ ಯಾರೋ ಬೇಕಂತಲೇ ಆ ಪೋರ್ಟ್ ಮುಚ್ಚಿದ್ದಾರೆ. 'ಎರ್ ಡಿಸೇಬಲ್ಡ್' ಅಂತಿದ್ದರೆ ಏನೋ ತಪ್ಪು ಕಂಡು ಸ್ವಿಚ್ ತಾನೇ ಮುಚ್ಚಿಕೊಂಡಿದೆ. ಮೂರು ಮಾತಿಗೆ ಮೂರು ಬೇರೆ ಬೇರೆ ಕೆಲಸ. ಇಷ್ಟು ಇಂಗ್ಲಿಷ್ ತಿಂಗಳೊಳಗೆ ತಾನಾಗೇ ಕೂಡಿಬರುತ್ತದೆ.

ಹಂತ 2: ಕೇಬಲ್ ಕೆಲಸ ಕೈಗೆ ಹತ್ತಲಿ

ಪದವಿ ಓದಿದವರು ಇದನ್ನು ಕೀಳು ಅಂದುಕೊಂಡು ದಾಟಿ ಹೋಗುತ್ತಾರೆ. ಹಾಗೆ ಮಾಡಬೇಡಿ. ದಿನನಿತ್ಯದ ದೂರುಗಳಲ್ಲಿ ಕೇಬಲ್ಲಿನದೇ ದೊಡ್ಡ ಪಾಲು.

ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಹುರಿ ಹೊಸೆದಿರುತ್ತಾರೆ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವ ಬಿ ಮಾದರಿಯ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಮಧ್ಯದಲ್ಲಿ ಒಡೆದು 3 ಮತ್ತು 6ನೇ ಜಾಗಕ್ಕೆ ಹೋಗಿದೆ, ಗಮನಿಸಿದಿರಾ? ಹೊಸಬರು ಎಡವುವುದು ಇಲ್ಲೇ. ಜೋಡಿಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟು, ಎರಡೂ ತುದಿಯಲ್ಲಿ ಹಾಗೇ ಒತ್ತಿಬಿಡುತ್ತಾರೆ. ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ಸರಿಯಾಗೇ ಹತ್ತುತ್ತದೆ, ಯಾಕೆಂದರೆ ಅದು ತಂತಿ ತುದಿಯಿಂದ ತುದಿಗೆ ಮುಟ್ಟಿದೆಯಾ ಅಂತ ಮಾತ್ರ ನೋಡುತ್ತದೆ. ಆದರೆ ಹುರಿ ಹೊಸೆದ ಜೋಡಿಯಲ್ಲಿ ಹೋಗಬೇಕಾದ ಸಂಕೇತ ಬೇರೆ ಬೇರೆ ಜೋಡಿಯ ತಂತಿಗಳಲ್ಲಿ ಹೋಗುತ್ತದೆ. ನೆಟ್ ಇದ್ದೂ ಇಲ್ಲದಂತೆ ನಿಧಾನವಾಗುತ್ತದೆ, ಇಲ್ಲವೇ ಆಗಾಗ ಕಡಿಯುತ್ತದೆ. ದೀಪ ಹತ್ತಿತು ಅಂತ ಎದ್ದು ಬರಬೇಡಿ, ಬಣ್ಣವನ್ನೂ ಕಣ್ಣಾರೆ ನೋಡಿ.

ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಸ್ವಿಚ್‌ನಿಂದ ಕಂಪ್ಯೂಟರಿಗೆ ಒಟ್ಟು 100 ಮೀಟರ್ ಮೀರಬೇಡಿ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಅಂತ ಕೇಳಿ ತನ್ನಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಅಂಗಡಿಗಳಲ್ಲಿ ಸಿಗುತ್ತದೆ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕೇಬಲ್ಲಿನಲ್ಲೇ ಕರೆಂಟ್ ಪಡೆಯುವ ಸಿಸಿ ಕ್ಯಾಮೆರಾಗಳಿಗೆ ಇದನ್ನು ಹಾಕಿದರೆ ಬಿಸಿಯಾಗಿ ತೊಂದರೆ ಖಚಿತ.

ಹಂತ 3: ವಿಳಾಸದ ಲೆಕ್ಕ ಕಲಿಯಿರಿ

ನೆಟ್‌ವರ್ಕಿನಲ್ಲಿರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಇರುತ್ತದೆ, 192.168.10.70 ಅನ್ನುವ ಹಾಗೆ. ಜೊತೆಗೆ ಒಂದು ಮಾಸ್ಕ್. ವಿಳಾಸದಲ್ಲಿ ಎಷ್ಟು ಭಾಗ ಜಾಲದ್ದು, ಎಷ್ಟು ಭಾಗ ಆ ಸಾಧನದ್ದು ಅಂತ ಮಾಸ್ಕ್ ಹೇಳುತ್ತದೆ. ಮೂರನೆಯದು ಗೇಟ್‌ವೇ. ನಮ್ಮ ಕಡೆ ಊರಿನ ಅಗಸಿ ಇರುತ್ತದಲ್ಲ, ಹಾಗೆ. ಊರೊಳಗೆ ಮನೆಯಿಂದ ಮನೆಗೆ ಹೋಗಲು ಅಗಸಿ ದಾಟಬೇಕಿಲ್ಲ, ಬೇರೆ ಊರಿಗೆ ಹೋಗಬೇಕಾದರೆ ದಾಟಲೇಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಕಾಲೇಜೊಂದಕ್ಕೆ 192.168.10.0 ಸ್ಲ್ಯಾಶ್ 24 ಜಾಲ ಕೊಟ್ಟಿದ್ದಾರೆ. ಸ್ಲ್ಯಾಶ್ 24 ಅನ್ನುವುದೇ ಮಾಸ್ಕ್: ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಜಾಲದ್ದು, ಉಳಿದ 8 ಸಾಧನಗಳದ್ದು. ಅಂದರೆ 256 ವಿಳಾಸ. ಆಫೀಸು, ಲ್ಯಾಬು, ಗ್ರಂಥಾಲಯ, ಕ್ಯಾಮೆರಾ ಅಂತ ನಾಲ್ಕು ಪಾಲು ಮಾಡಬೇಕು. ನಾಲ್ಕು ಸಮ ಪಾಲು ಅಂದರೆ ತಲಾ 64, ಅದು ಸ್ಲ್ಯಾಶ್ 26. ಮೊದಲ ಪಾಲು 0ಯಿಂದ 63, ಎರಡನೆಯದು 64ರಿಂದ 127, ಮೂರನೆಯದು 128ರಿಂದ 191, ಕೊನೆಯದು 192ರಿಂದ 255. ಪ್ರತಿ ಪಾಲಿನ ಮೊದಲ ಸಂಖ್ಯೆ ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ ಮೀಸಲು. ಹಾಗಾಗಿ ಕೈಗೆ ಸಿಗುವುದು 62. ಈಗ ಹೇಳಿ: 192.168.10.70 ಇರುವ ಲ್ಯಾಬ್ ಕಂಪ್ಯೂಟರಿಗೆ ಗೇಟ್‌ವೇ 192.168.10.1 ಅಂತ ಹಾಕಿದರೆ ಏನಾಗುತ್ತದೆ? ನೆಟ್ ಬರುವುದಿಲ್ಲ. 70 ಇರುವುದು ಎರಡನೇ ಪಾಲಿನಲ್ಲಿ, 1 ಇರುವುದು ಮೊದಲ ಪಾಲಿನಲ್ಲಿ. ಎರಡನೇ ಪಾಲಿಗೆ ಗೇಟ್‌ವೇ ಅದೇ ಪಾಲಿನೊಳಗೆ ಇರಬೇಕು, ಸಾಮಾನ್ಯವಾಗಿ 65 ಇಡುತ್ತಾರೆ. ಇಂಥ ಲೆಕ್ಕವನ್ನು ದಿನಕ್ಕೆ ನಾಲ್ಕೈದರಂತೆ ಕಾಗದದ ಮೇಲೆ ಮಾಡಿ. ಮೊಬೈಲ್ ಆ್ಯಪ್ ಮುಟ್ಟಬೇಡಿ, ಸಂದರ್ಶನದಲ್ಲಿ ಪೆನ್ನೇ ಕೊಡುತ್ತಾರೆ.

ಇನ್ನೂ ಮೂರು ಪದ ಗೊತ್ತಿರಲಿ. ಕಂಪ್ಯೂಟರಿಗೆ ತಾನಾಗೇ ವಿಳಾಸ ಹಂಚುವ ವ್ಯವಸ್ಥೆ ಡಿಎಚ್‌ಸಿಪಿ. ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವುದು ಡಿಎನ್‌ಎಸ್. ಒಂದೇ ಸ್ವಿಚ್ಚನ್ನು ಒಳಗೊಳಗೇ ಬೇರೆ ಬೇರೆ ಜಾಲಗಳಾಗಿ ಒಡೆಯುವುದು ವಿಲ್ಯಾನ್. ಮೇಲಿನ ಕಾಲೇಜಿನ ನಾಲ್ಕು ಪಾಲುಗಳನ್ನು ಸ್ವಿಚ್ಚಿನಲ್ಲಿ ಬೇರೆ ಮಾಡುವುದು ಇದೇ ವಿಲ್ಯಾನ್.

ಹಂತ 4: ಜಾಲ ಕಟ್ಟಿ, ಕೆಡಿಸಿ, ಸರಿ ಮಾಡಿ

ಅದೇ ಕಾಲೇಜನ್ನು ಪ್ಯಾಕೆಟ್ ಟ್ರೇಸರ್‌ನಲ್ಲಿ ಕಟ್ಟಿ. ಎಲ್ಲ ಓಡಿದ ಮೇಲೆ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿ, ನಿಮಗೆ ಹೇಳದೆ ಒಂದು ಕಡೆ ಕೆಡಿಸಲು ಹೇಳಿ. ಏನು ಕೆಟ್ಟಿದೆ ಅಂತ ನೀವು ಹುಡುಕಿ. ನೂರು ವಿಡಿಯೊ ನೋಡುವುದಕ್ಕಿಂತ ಇದರಲ್ಲಿ ಕಲಿಯುವುದು ಜಾಸ್ತಿ.

ಹುಡುಕುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಗಿರಣಿಯೊಂದರಿಂದ ಕರೆ ಬಂದಿದೆ ಅಂದುಕೊಳ್ಳಿ: ವೇಬ್ರಿಜ್ ಕಂಪ್ಯೂಟರಿನಲ್ಲಿ ನೆಟ್ ಇಲ್ಲ, ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿವೆ, ಮಾಲೀಕರು ಕೂಗಾಡುತ್ತಿದ್ದಾರೆ. ಮೊದಲು ಕಂಪ್ಯೂಟರಿನ ಹಿಂದೆ ಕೇಬಲ್ ಸಿಕ್ಕಿಸಿದಲ್ಲಿ ದೀಪ ಹತ್ತಿದೆಯಾ ನೋಡಿ. ಹತ್ತಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಟ್ಟು ವಿಳಾಸ ನೋಡಿ. 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಅಂತ ಅರ್ಥ. ವಿಳಾಸ ಸರಿಯಿದ್ದರೆ ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಕೇಳಿ. ಉತ್ತರ ಬಂದರೆ ಒಳಗಿನ ಜಾಲ ಚೆನ್ನಾಗಿದೆ. ಆಮೇಲೆ ಹೊರಗಿನ ವಿಳಾಸಕ್ಕೆ, 8.8.8.8ಕ್ಕೆ ಪಿಂಗ್ ಮಾಡಿ. ಅದೂ ಬಂದು, ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ನೋಡಿ. ಐದು ನಿಮಿಷದ ಕೆಲಸ. ಈ ಕ್ರಮ ಬಿಟ್ಟು ರೂಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಸರಿಹೋಗುತ್ತದೆ ನಿಜ. ಆದರೆ ಯಾಕೆ ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ನಾಳೆ ಮತ್ತೆ ಫೋನ್ ಬರುತ್ತದೆ.

ಒಂದು ಎಚ್ಚರಿಕೆ: ಇನ್ನೊಂದು ಕಂಪ್ಯೂಟರಿಗೆ ಪಿಂಗ್ ಮಾಡಿದಾಗ ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ಅದು ಕೆಟ್ಟಿದೆ ಅಂತಲ್ಲ. ವಿಂಡೋಸ್‌ನ ಫೈರ್‌ವಾಲ್ ಎಷ್ಟೋ ಸಲ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ.

ಸಣ್ಣ ಆಫೀಸುಗಳಲ್ಲಿ ಪದೇ ಪದೇ ಕಾಣುವ ಎರಡು ದೋಷಗಳನ್ನು ಈಗಲೇ ತಿಳಿದಿರಿ. ಯಾರೋ ವೈಫೈ ಬೇಕು ಅಂತ ಮನೆಯ ರೂಟರ್ ತಂದು, ಆಫೀಸಿನ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸುತ್ತಾರೆ. ಆ ರೂಟರ್ ಆಫೀಸಿಗೆಲ್ಲ ತನ್ನದೇ ವಿಳಾಸ ಹಂಚಲು ಶುರು ಮಾಡುತ್ತದೆ. ಕೆಲವರಿಗೆ ನೆಟ್ ಇದೆ, ಕೆಲವರಿಗಿಲ್ಲ ಅಂತ ದೂರು ಬರುತ್ತದೆ. ಎರಡನೆಯದು ಲೂಪ್: ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್‌ಗೆ ಹೋಗಿರುತ್ತದೆ. ಸಂದೇಶಗಳು ಸುತ್ತಿ ಸುತ್ತಿ ಇಡೀ ಜಾಲ ನಿಂತುಬಿಡುತ್ತದೆ, ಸ್ವಿಚ್ಚಿನ ದೀಪಗಳೆಲ್ಲ ಒಂದೇ ಸಮನೆ ಮಿಣುಕುತ್ತಿರುತ್ತವೆ. ಮೊದಲನೆಯದನ್ನು ತಡೆಯಲು ಡಿಎಚ್‌ಸಿಪಿ ಸ್ನೂಪಿಂಗ್, ಎರಡನೆಯದಕ್ಕೆ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಇದೆ. ಎರಡನ್ನೂ ಲ್ಯಾಬಿನಲ್ಲಿ ಹಾಕಿ ನೋಡಿ.

ಹಂತ 5: ಊರಲ್ಲೇ ಮೊದಲ ಕೆಲಸ

ಮೂರ್ನಾಲ್ಕು ತಿಂಗಳ ಅಭ್ಯಾಸ ಆದ ಮೇಲೆ ಹುಡುಕಲು ಶುರು ಮಾಡಿ. ಮನೆಮನೆಗೆ ಫೈಬರ್ ನೆಟ್ ಕೊಡುವ ಸ್ಥಳೀಯ ಕಂಪನಿಗಳು, ಸಿಸಿ ಕ್ಯಾಮೆರಾ ಕೂರಿಸುವವರು, ಕಾಲೇಜಿನ ಲ್ಯಾಬ್, ಆಸ್ಪತ್ರೆಯ ಕಂಪ್ಯೂಟರ್ ವಿಭಾಗ, ಇವು ಬಾಗಿಲು ಬೇಗ ತೆರೆಯುವ ಜಾಗಗಳು. ಡಿಪ್ಲೊಮಾ, ಪದವಿ ಆದವರು ನ್ಯಾಟ್ಸ್ ಯೋಜನೆಯಲ್ಲಿ, ಐಟಿಐ ಆದವರು ನ್ಯಾಪ್ಸ್ ಯೋಜನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಬಹುದು. ಎರಡೂ ಕೇಂದ್ರ ಸರ್ಕಾರದವು, ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. ಸರ್ಕಾರಿ ಹುದ್ದೆಯ ಮೇಲೂ ಕಣ್ಣಿದ್ದರೆ, ನಮ್ಮ ಮೂರೂ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದರಿಂದ ಆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡಿದರೆ ಕೈಗೆ ಸಿಗುವುದು ಕಷ್ಟ.

ಫೈಬರ್ ಕೆಲಸಕ್ಕೆ ಸೇರಿದರೆ ಪವರ್ ಮೀಟರ್ ಹಿಡಿಯುವುದನ್ನು ಮೊದಲು ಕಲಿಯಿರಿ. ಮನೆಗೆ ಬರುವ ಬೆಳಕಿನ ಬಲವನ್ನು ಅದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಾಮಾನ್ಯ ಜಿಪಾನ್ ಜಾಲದಲ್ಲಿ ಮೈನಸ್ 8ರಿಂದ ಮೈನಸ್ 27ರೊಳಗೆ ಇರಬೇಕು. ಮೈನಸ್ 27ರ ಹತ್ತಿರ ಬಂದರೆ ಬೆಳಕು ಕುಂದಿದೆ ಅಂತ ಅರ್ಥ: ಎಲ್ಲೋ ಕೇಬಲ್ ಬಾಗಿರಬಹುದು, ಜೋಡಣೆ ಕೆಟ್ಟಿರಬಹುದು ಅಥವಾ ಕನೆಕ್ಟರ್ ಕೊಳೆಯಾಗಿರಬಹುದು. ಫೈಬರ್ ತುದಿಯಲ್ಲಿ ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಹಾನಿ. ತುಂಡಾದ ಚೂರುಗಳನ್ನು ಟೇಪಿಗೆ ಅಂಟಿಸಿ ಎಸೆಯಿರಿ, ಚರ್ಮಕ್ಕೆ ಚುಚ್ಚಿಕೊಂಡರೆ ತೆಗೆಯುವುದು ಕಷ್ಟ.

ನಮ್ಮ ನೆಲದ ಬಿಸಿಲು, ಧೂಳು, ಸಿಡಿಲು ಯಾವ ಪಠ್ಯದಲ್ಲೂ ಸರಿಯಾಗಿ ಬರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಗಾಳಿಯಾಡದ ಮೂಲೆಗೆ ಸಾಧನ ಜೋಡಿಸುವ ರ್‍ಯಾಕ್ ನೂಕಿದರೆ ಸ್ವಿಚ್ ಬಹಳ ದಿನ ಬಾಳುವುದಿಲ್ಲ. ಗಿರಣಿಯ ತೌಡಿನ ಧೂಳು, ಗಣಿ ಕಡೆಯ ಕೆಂಧೂಳು ಫ್ಯಾನಿನೊಳಗೆ ಕೂತು ಗಾಳಿ ನಿಲ್ಲಿಸುತ್ತವೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವುದನ್ನು ರೂಢಿ ಮಾಡಿ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಲೇಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಅದೇ ದಾರಿಯಲ್ಲಿ ವಿದ್ಯುತ್ ನುಗ್ಗಿ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಅಲ್ಲಿ ಫೈಬರ್ ಹಾಕಿ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಫೈಬರ್ ಹಾಕಿದರೂ ಅದಕ್ಕೆ ಬಲ ಕೊಡುವ ಲೋಹದ ತಂತಿ ಇಲ್ಲದ್ದನ್ನೇ ಆರಿಸಿ. ರ್‍ಯಾಕಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಇವನ್ನು ತಿಳಿದವರನ್ನು ಇಲ್ಲಿನ ಮಾಲೀಕರು ಬಿಟ್ಟುಕೊಡುವುದಿಲ್ಲ.

ಆದರೆ ಏಣಿ ಹತ್ತಿ ಕೇಬಲ್ ಎಳೆಯುವುದರಲ್ಲೇ ವರ್ಷಗಟ್ಟಲೆ ಕಳೆದುಹೋಗಬೇಡಿ. ಒಂದು ವರ್ಷ ಸಾಕು. ಅಷ್ಟರೊಳಗೆ ಸ್ವಿಚ್, ರೂಟರಿನ ಒಳಗೆ ಲಾಗಿನ್ ಆಗುವ ಕೆಲಸ ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಹಂತ 6: ಈಗ ಸಿಸಿಎನ್‌ಎ

ಸಿಸ್ಕೊದ ಸಿಸಿಎನ್‌ಎ ಈ ಕೆಲಸಕ್ಕೆ ಎಲ್ಲರೂ ಒಪ್ಪುವ ಮೊದಲ ಸರ್ಟಿಫಿಕೇಟ್. ಪರೀಕ್ಷೆಯ ಸಂಖ್ಯೆ 200-301, ಅವಧಿ 120 ನಿಮಿಷ, ಶುಲ್ಕ 300 ಡಾಲರ್, ಮೇಲೆ ತೆರಿಗೆ. ಬರೆಯಲು ಇಂಥದ್ದೇ ಪದವಿ ಬೇಕು ಅಂತಿಲ್ಲ. ಪಾಸಾದರೆ ಮೂರು ವರ್ಷ ಮಾನ್ಯ. ಪಠ್ಯದಲ್ಲಿ ರೂಟಿಂಗ್ ಭಾಗಕ್ಕೇ 25 ಶೇಕಡಾ ತೂಕ. ಮೂಲಪಾಠ ಮತ್ತು ಸ್ವಿಚ್ ಭಾಗಕ್ಕೆ ತಲಾ 20, ಭದ್ರತೆಗೆ 15, ಉಳಿದ ಎರಡಕ್ಕೆ ತಲಾ 10. ಓದುವ ಸಮಯವನ್ನೂ ಹೀಗೇ ಹಂಚಿಕೊಳ್ಳಿ. ಶುಲ್ಕ ನಮ್ಮ ಮನೆಗಳಿಗೆ ಸಣ್ಣದಲ್ಲ. ಅದಕ್ಕೇ ಮೊದಲ ಕೆಲಸ ಸಿಕ್ಕ ಮೇಲೆ, ಸ್ವಂತ ದುಡ್ಡಲ್ಲಿ ಬರೆಯಿರಿ ಅನ್ನುವುದು ನನ್ನ ಸಲಹೆ. ಅಪ್ಪ ಅಮ್ಮನ ಕೈಲಿ ಸಾಲ ಮಾಡಿಸಿ ಬರೆಯುವ ಅವಸರ ಏನಿಲ್ಲ.

ಪ್ರಶ್ನೆಪತ್ರಿಕೆಯ ಡಂಪ್, ಅಂದರೆ ಸೋರಿಕೆಯಾದ ಪ್ರಶ್ನೋತ್ತರ ಕೊಡುತ್ತೇವೆ ಅನ್ನುವವರ ಹತ್ತಿರ ಸುಳಿಯಬೇಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮತ್ತೆ ಬರೆಯದಂತೆ ನಿಷೇಧವೂ ಬರಬಹುದು. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಹತ್ತು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ.

ತರಬೇತಿ ಸಂಸ್ಥೆ ಸೇರುವುದಾದರೆ ದುಡ್ಡು ಕಟ್ಟುವ ಮುನ್ನ ಒಂದು ದಿನ ಲ್ಯಾಬಿನಲ್ಲಿ ಕೂರಲು ಬಿಡಿ ಅಂತ ಕೇಳಿ. ಒಬ್ಬರಿಗೆ ಒಂದು ಕಂಪ್ಯೂಟರ್ ಇದೆಯಾ, ಪಾಠ ಮಾಡುವವರು ಯಾವತ್ತಾದರೂ ನಿಜವಾದ ಜಾಲ ನೋಡಿಕೊಂಡಿದ್ದಾರಾ, ವಿಚಾರಿಸಿ. ಕೆಲಸ ಗ್ಯಾರಂಟಿ ಅಂದರೆ ಬರವಣಿಗೆಯಲ್ಲಿ ಕೇಳಿ. ಅಂಕಪಟ್ಟಿಯ ಅಸಲು ಯಾರಿಗೂ ಕೊಡಬೇಡಿ. ಕೆಲಸ ಕೊಡುತ್ತೇವೆ, ಮೊದಲು ಡೆಪಾಸಿಟ್ ಕಟ್ಟಿ ಅಂದರೆ ಅದು ಮೋಸ. ಎದ್ದು ಬನ್ನಿ.

ಹಂತ 7: ಇದರ ಜೊತೆಗೆ

ಲಿನಕ್ಸ್ ಬೇಕೇ ಬೇಕು. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡು ದಿನಾ ಬಳಸಿ. ಪೈಥಾನ್ ಸ್ವಲ್ಪ ಬಂದರೆ ಐವತ್ತು ಸ್ವಿಚ್‌ಗೆ ಒಂದೇ ಬದಲಾವಣೆಯನ್ನು ಒಂದೇ ಸಲ ಕಳಿಸಬಹುದು.

ಕಾನೂನಿನ ವಿಷಯ ಮಾತ್ರ ಹಗುರ ಮಾಡಬೇಡಿ. ಬೇರೆಯವರ ಜಾಲದಲ್ಲಿ ಅನುಮತಿ ಇಲ್ಲದೆ ಕೈಯಾಡಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪ್ರಕಾರ ಪರಿಹಾರ ಕಟ್ಟಬೇಕಾದ ತಪ್ಪು, ದುರುದ್ದೇಶವಿದ್ದರೆ ಅಪರಾಧ. "ಸುಮ್ನೆ ಕಲಿಯೋಕೆ ಸ್ಕ್ಯಾನ್ ಮಾಡಿದೆ" ಅಂದರೆ ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಜವಾಬ್ದಾರಿ ಬರುತ್ತದೆ. ಸರ್ಟ್-ಇನ್ ಅನ್ನುವ ಕೇಂದ್ರ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಸಾಧನಗಳ ಲಾಗ್, ಅಂದರೆ ಏನೇನು ನಡೆಯಿತು ಅನ್ನುವ ದಾಖಲೆ 180 ದಿನ ಕಾಯ್ದಿಡಬೇಕು. ಸಂದರ್ಶನದಲ್ಲಿ ಇದು ಗೊತ್ತಿದ್ದರೆ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಹಂತ 8: ಸಂದರ್ಶನ, ಬೆಂಗಳೂರು, ಮೊದಲ ವಾರ

ರೆಸ್ಯೂಮೆಯಲ್ಲಿ ಪದಗಳ ಪಟ್ಟಿ ಬೇಡ. ನೀವು ಕಟ್ಟಿದ ಜಾಲದ ಚಿತ್ರ, ನೀವು ಹಿಡಿದ ಎರಡು ದೋಷ, ಹೇಗೆ ಹಿಡಿದಿರಿ ಅನ್ನುವುದು, ಒಂದು ಪುಟ ಸಾಕು. ಗೊತ್ತಿಲ್ಲದ ಪ್ರಶ್ನೆ ಬಂದರೆ "ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಅನ್ನಿ. ಅವರಿಗೆ ಬೇಕಿರುವುದೂ ಅದೇ ಅಲ್ವಾ?

ಬೆಂಗಳೂರಿನಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ನಾಕ್ ಕೆಲಸ, ಅಂದರೆ ಜಾಲಗಳನ್ನು ಹಗಲು ರಾತ್ರಿ ಕಾಯುವ ಕೇಂದ್ರದಲ್ಲಿ ಪಾಳಿ. ರಾತ್ರಿ ಪಾಳಿ ಎಷ್ಟು, ಕ್ಯಾಬ್ ಇದೆಯಾ, ಬಾಂಡ್ ಇದೆಯಾ ಅಂತ ಸೇರುವ ಮುನ್ನವೇ ಕೇಳಿ. ಹೆಣ್ಣುಮಕ್ಕಳ ಮನೆಯವರಿಗೆ ಈ ಉತ್ತರಗಳು ಕೈಯಲ್ಲಿದ್ದರೆ ಒಪ್ಪಿಸುವುದು ಸುಲಭ.

ಕೆಲಸ ಎಲ್ಲೇ ಸಿಗಲಿ, ಮೊದಲ ವಾರ ಯಾವುದನ್ನೂ ಬದಲಾಯಿಸಬೇಡಿ. ಪ್ರತಿ ಸಾಧನದ ಕಾನ್ಫಿಗರೇಶನ್, ಅಂದರೆ ಅದಕ್ಕೆ ಕೊಟ್ಟ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆಯಿರಿ, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅಂತ ಚಿತ್ರ ಬರೆಯಿರಿ, ಎರಡೂ ತುದಿಗೆ ಚೀಟಿ ಅಂಟಿಸಿ. ಮುಂದೆ ರಾಯಚೂರಿನಲ್ಲಿ ಕೂತು ಲಿಂಗಸುಗೂರಿನ ಶಾಖೆಯ ಸಿಸ್ಕೊ ರೂಟರಿನಲ್ಲಿ ಬದಲಾವಣೆ ಮಾಡುವ ದಿನ ಬರುತ್ತದೆ. ಒಂದು ಸಾಲು ತಪ್ಪಿದರೆ ನಿಮ್ಮ ಸಂಪರ್ಕವೇ ಕಡಿದು, ಬಸ್ ಹತ್ತಿ ಅಲ್ಲಿಗೆ ಹೋಗಬೇಕಾಗುತ್ತದೆ. ಅದಕ್ಕೆ ಮೊದಲು ಈಗಿರುವ ಕಾನ್ಫಿಗರೇಶನ್ ಸೇವ್ ಮಾಡಿ. ಆಮೇಲೆ 'ರಿಲೋಡ್ ಇನ್ 10' ಅಂತ ಕೊಡಿ. 10 ನಿಮಿಷದ ನಂತರ ರೂಟರ್ ತಾನಾಗೇ ಮತ್ತೆ ಶುರುವಾಗಿ ಹಳೆಯ ಸ್ಥಿತಿಗೆ ಬರುತ್ತದೆ. ಬದಲಾವಣೆ ಮಾಡುತ್ತಾ ಸೇವ್ ಒತ್ತಬೇಡಿ. ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ 'ರಿಲೋಡ್ ಕ್ಯಾನ್ಸಲ್' ಕೊಟ್ಟು, ಆಗ ಸೇವ್ ಮಾಡಿ.